ಆರಡಿ ದಾರಿ ಎಲ್ಲಿ ತುಂಡಾಗುತ್ತದೆ?

ನಮ್ಮಮ್ಮನಿಗೆ ಈಗ ಎಪ್ಪತ್ತೊಂದು. ಬಸ್ ಸ್ಟ್ಯಾಂಡಿನಿಂದ ಮನೆಗೆ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಊರು ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ, ರಸ್ತೆಯ ಎರಡೂ ಬದಿಗೆ ಕೆಂಪು-ಹಳದಿ ಇಂಟರ್‌ಲಾಕ್ ಕಲ್ಲು ಹಾಸಿದ ಫುಟ್‌ಪಾತ್ ಇದೆ. ಆದರೂ ಅಮ್ಮ ನಡೆಯುವುದು ಟಾರಿನ ಅಂಚಿನಲ್ಲೇ. ಬಸ್ಸು ಹಾರ್ನ್ ಮಾಡಿದಾಗ ಬದಿಗೆ ಸರಿಯುತ್ತಾರೆ, ಅದು ಹೋದಮೇಲೆ ಮತ್ತೆ ರಸ್ತೆಗೆ. "ಫುಟ್‌ಪಾತ್ ಮೇಲೆ ಬಾಮ್ಮಾ" ಎಂದು ನಾನು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ.

ಕಳೆದ ದೀಪಾವಳಿಗೆ ಹೋದಾಗ ಹಟಕ್ಕೆ ಬಿದ್ದು ಆ ಫುಟ್‌ಪಾತಿನ ಮೇಲೆ ಈ ತುದಿಯಿಂದ ಆ ತುದಿಗೆ ನಾನೇ ನಡೆದೆ, ಕೈಯಲ್ಲಿ ಬಡಗಿಯಿಂದ ಇಸಕೊಂಡ ಟೇಪು. ಆ ಅರ್ಧ ಕಿಲೋಮೀಟರಿನಲ್ಲಿ ಇಪ್ಪತ್ತಾರು ಸಲ ಇಳಿದು ಇಪ್ಪತ್ತಾರು ಸಲ ಹತ್ತಿದೆ. ಒಂದು ಕಡೆ ಮೆಟ್ಟಿಲಿನ ಎತ್ತರ ಹದಿಮೂರು ಇಂಚು. ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರಿನ ಎರಡು ಕಂಬ, ಅವುಗಳ ಸುತ್ತ ಬೇಲಿ, ಉಳಿದದ್ದು ಒಂಬತ್ತು ಇಂಚು ಜಾಗ. ಎರಡು ಕಡೆ ಚಪ್ಪಡಿಯೇ ಇಲ್ಲ, ಕೆಳಗೆ ಚರಂಡಿ ಕಪ್ಪಗೆ ಕಾಣುತ್ತಿತ್ತು. ಮನೆ ತಲುಪುವಷ್ಟರಲ್ಲಿ ನನ್ನ ಮಂಡಿಯೇ ದೂರು ಹೇಳುತ್ತಿತ್ತು. ಅಮ್ಮನನ್ನು ರೇಗುವುದನ್ನು ಅವತ್ತಿಗೆ ಬಿಟ್ಟೆ.

ಊರನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಹಸನು ಮಾಡುವ ಮಾತು ಬಂದಾಗೆಲ್ಲ ನಮ್ಮಲ್ಲಿ ಕಿಲೋಮೀಟರುಗಳ ಲೆಕ್ಕ ಕೊಡುತ್ತಾರೆ: ಇಷ್ಟು ಉದ್ದ ಫುಟ್‌ಪಾತ್ ಆಯಿತು, ಅಷ್ಟು ಉದ್ದ ಸೈಕಲ್ ಪಥ ಆಗಲಿದೆ. ನನಗೆ ಆ ಲೆಕ್ಕದಲ್ಲಿ ನಂಬಿಕೆ ಇಲ್ಲ. ದಾರಿ ಎಷ್ಟು ಉದ್ದ ಇದೆ ಎಂದು ಕೇಳುವ ಮೊದಲು ಎಲ್ಲೆಲ್ಲಿ ತುಂಡಾಗಿದೆ ಎಂದು ಕೇಳಬೇಕು. ನೀರಿನ ಪೈಪಿಗೆ ನಾವು ಹಾಗೇ ಕೇಳುತ್ತೇವಲ್ಲ?

ಚರಂಡಿಯ ಮುಚ್ಚಳ

ನಮ್ಮ ಫುಟ್‌ಪಾತ್ ಹೀಗೆ ಏರಿಳಿಯಲು ಒಂದು ಸರಳ ಕಾರಣವಿದೆ. ಬಹಳಷ್ಟು ಊರುಗಳಲ್ಲಿ ಅದನ್ನು ಫುಟ್‌ಪಾತ್ ಎಂದು ಯಾರೂ ಕಟ್ಟಿದ್ದಲ್ಲ. ಕಟ್ಟಿದ್ದು ಚರಂಡಿ. ಅದರ ಮೇಲೆ ಮುಚ್ಚಿದ ಚಪ್ಪಡಿಗೆ ನಾವು ಫುಟ್‌ಪಾತ್ ಎಂಬ ಹೆಸರಿಟ್ಟಿದ್ದೇವೆ. ಚರಂಡಿ ತನ್ನ ನೀರಿಗೆ ಬೇಕಾದ ಇಳಿಜಾರಿನಲ್ಲಿ ಹೋಗುತ್ತದೆ, ರಸ್ತೆ ತನ್ನ ಮಟ್ಟದಲ್ಲಿ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ವರ್ಷ, ಬೇರೆ ಬೇರೆ ಟೆಂಡರ್. ಹಾಗಾಗಿ ಒಂದು ಕಡೆ ಚಪ್ಪಡಿ ರಸ್ತೆಗಿಂತ ಒಂದಡಿ ಮೇಲಿದ್ದರೆ ಇನ್ನೊಂದು ಕಡೆ ರಸ್ತೆಗೆ ಸಮ. ಹೂಳು ತೆಗೆಯಲು ಚಪ್ಪಡಿ ಎತ್ತಬೇಕು, ಎತ್ತಿದ್ದನ್ನು ವಾಪಸ್ ಕೂರಿಸುವಾಗ ಅದು ಅಲುಗಾಡುತ್ತದೆ ಅಥವಾ ಮುರಿಯುತ್ತದೆ. ಬೈಕಿನವರು ಹತ್ತಬಾರದೆಂದು ಬೇಕಂತಲೇ ಎತ್ತರಿಸುವುದೂ ಉಂಟು. ಬೈಕು ಹೇಗೋ ಹತ್ತುತ್ತದೆ. ಹತ್ತಲಾಗದವರು ಮಂಡಿನೋವಿನವರು, ಬಸುರಿಯರು, ಗಾಲಿಕುರ್ಚಿಯವರು.

ಇದಕ್ಕೆ ನಿಯಮ ಇಲ್ಲವೆಂದಲ್ಲ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಕೈಪಿಡಿ ಪಾದಚಾರಿಗಳಿಗೆಂದೇ ಇರುವಂಥದ್ದು. ಅದರ 2012ರ ಆವೃತ್ತಿ ಹೇಳುವುದು ಇಷ್ಟು: ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಭಾಷೆಯಲ್ಲಿ ಆರಡಿ ಅಗಲ, ಏಳಡಿ ಎತ್ತರ, ಅರ್ಧ ಅಡಿ ಮೆಟ್ಟಿಲು. ಆರಡಿಯೇ ಏಕೆ ಅಂದರೆ ಎದುರುಬದುರಾದ ಎರಡು ಗಾಲಿಕುರ್ಚಿ ಒಂದನ್ನೊಂದು ದಾಟಿ ಹೋಗಲು ಅಷ್ಟು ಬೇಕು. ಕೊಡೆ ಹಿಡಿದ ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಆರಡಿ ಇಡೀ ಫುಟ್‌ಪಾತಿನ ಅಗಲ ಅಲ್ಲ ಎನ್ನುವುದನ್ನು ಎಂಜಿನಿಯರುಗಳೂ ಮರೆಯುತ್ತಾರೆ. ಫುಟ್‌ಪಾತನ್ನು ಮೂರು ಪಟ್ಟಿಯಾಗಿ ನೋಡಬೇಕು. ಕಾಂಪೌಂಡಿಗೋ ಅಂಗಡಿ ಬಾಗಿಲಿಗೋ ತಾಗಿದ ಒಂದು ಪಟ್ಟಿ: ಅಲ್ಲಿ ಜನ ನಿಂತು ಚೌಕಾಸಿ ಮಾಡುತ್ತಾರೆ, ಮೆಟ್ಟಿಲು ಇಳಿಯುತ್ತಾರೆ. ರಸ್ತೆಗೆ ತಾಗಿದ ಇನ್ನೊಂದು ಪಟ್ಟಿ: ಮರ, ದೀಪದ ಕಂಬ, ಬೆಂಚು, ಹೂವಿನವಳ ಬುಟ್ಟಿ, ಎಳನೀರು ಗಾಡಿ ಎಲ್ಲ ಅಲ್ಲಿ. ಇವೆರಡರ ನಡುವೆ ಉಳಿಯಬೇಕಾದದ್ದು ಆ ಆರಡಿ, ಅದರಲ್ಲಿ ಏನೂ ಇರಕೂಡದು. ಒಟ್ಟು ಎಂಟಡಿ ಇರುವ ಕಡೆ ನಟ್ಟನಡುವೆ ಒಂದು ಕಂಬ ನೆಟ್ಟರೆ ಎರಡು ಪಕ್ಕ ಮೂರು ಮೂರೂವರೆ ಅಡಿ ಉಳಿಯುತ್ತದೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಅದೇ ಕಂಬವನ್ನು ಅಂಚಿಗೆ ಸರಿಸಿದ್ದರೆ ಖರ್ಚಿಲ್ಲದೆ ದಾರಿ ಆಗುತ್ತಿತ್ತು.

ಆದರೆ ಸರಿಸುವವರು ಯಾರು? ಕಂಬ ವಿದ್ಯುತ್ ಕಂಪನಿಯದು, ಮರ ಅರಣ್ಯ ಇಲಾಖೆಯದು, ಚರಂಡಿ ಪುರಸಭೆಯದು, ನೀರಿನ ವಾಲ್ವು ಜಲಮಂಡಳಿಯದು. ಊರ ನಡುವಿನ ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದು. ನಡೆಯುವವನು ಮಾತ್ರ ಯಾವ ಇಲಾಖೆಗೂ ಸೇರಿದವನಲ್ಲ. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂಬ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದವನ್ನು ಹೊಸದಾಗಿ ಕಟ್ಟಿದಾಗ ಕಣ್ಣಿಗೆ ಕಂಡದ್ದು ಅಗಲವಾದ ಫುಟ್‌ಪಾತ್. ನಿಜವಾದ ಕೆಲಸ ನಡೆದದ್ದು ಅದರ ಅಡಿಯಲ್ಲಿ. ಕೇಬಲ್ಲು, ಪೈಪು, ಒಳಚರಂಡಿ ಎಲ್ಲಕ್ಕೂ ಜಾಗ ಗೊತ್ತುಮಾಡಿ, ಮುಂದೆ ಯಾರೂ ರಸ್ತೆ ಅಗೆಯದೆ ಒಳಗಿಳಿದು ರಿಪೇರಿ ಮಾಡುವ ಹಾಗೆ ಕೊಳವೆ, ಕೋಣೆಗಳನ್ನು ಇಟ್ಟರು. ದುಬಾರಿ ಕೆಲಸ ಎಂದು ಟೀಕೆ ಬಂತು, ದುಬಾರಿ ಹೌದು. ತಾಲ್ಲೂಕು ಊರುಗಳಿಗೆ ಅಷ್ಟು ಬೇಕೂ ಇಲ್ಲ. ಅದರಿಂದ ಕಲಿಯುವುದೇನಾದರೂ ಇದ್ದರೆ ಮೇಲೆ ಕಲ್ಲು ಹಾಸುವ ಮೊದಲು ಕೆಳಗಿನ ಯಜಮಾನರನ್ನೆಲ್ಲ ಒಂದೇ ನಕ್ಷೆಯ ಮುಂದೆ ಕೂರಿಸಬೇಕು ಎನ್ನುವುದು.

ಇನ್ನು ಗೇಟುಗಳು. ನನ್ನ ಇಪ್ಪತ್ತಾರು ಹತ್ತಿಳಿತಗಳಲ್ಲಿ ಹದಿನೇಳು ಮನೆ ಗೇಟಿನವು. ಪ್ರತಿ ಮನೆಯವರೂ ಕಾರು ಸಲೀಸಾಗಿ ಒಳಗೆ ಬರಲೆಂದು ಫುಟ್‌ಪಾತನ್ನೇ ಕತ್ತರಿಸಿ ರಸ್ತೆಯವರೆಗೆ ಇಳಿಜಾರು ಮಾಡಿಕೊಂಡಿದ್ದಾರೆ. ನಡೆಯುವವನು ಗೇಟು ಬಂದಾಗೆಲ್ಲ ಇಳಿದು ಹತ್ತಬೇಕು. ಆಗಬೇಕಾದದ್ದು ಇದರ ತಿರುವುಮುರುವು: ಫುಟ್‌ಪಾತ್ ಒಂದೇ ಮಟ್ಟದಲ್ಲಿ ಹೋಗುತ್ತಿರಬೇಕು, ಅಂಚಿನ ಒಂದೂವರೆ ಅಡಿಯಲ್ಲಷ್ಟೇ ಇಳಿಜಾರು, ಕಾರು ಅಲ್ಲಿ ಹತ್ತಿ ಫುಟ್‌ಪಾತ್ ದಾಟಿ ಒಳಗೆ ಹೋಗಬೇಕು. ದಿನಕ್ಕೆ ಎರಡು ಸಲ ಹೊರಡುವ ಕಾರು ಹತ್ತಿಳಿಯಲಿ, ದಿನವಿಡೀ ನಡೆಯುವ ನೂರಾರು ಜನ ಸಮನಾಗಿ ನಡೆಯಲಿ. ಅಡ್ಡರಸ್ತೆ ಸೇರುವ ಕಡೆಯೂ ಇದೇ ಲೆಕ್ಕ. ನೆದರ್ಲ್ಯಾಂಡ್ಸ್‌ನ ಊರುಗಳಲ್ಲಿ ಮುಖ್ಯರಸ್ತೆಯ ಫುಟ್‌ಪಾತ್ ಅಡ್ಡರಸ್ತೆಯ ಬಾಯಿಯ ಮೇಲೂ ಹಾಗೇ ಮುಂದುವರಿಯುತ್ತದೆ. ಒಳಗೆ ತಿರುಗುವ ಕಾರಿನವನಿಗೆ ತಾನು ಯಾರದೋ ಅಂಗಳ ದಾಟುತ್ತಿದ್ದೇನೆ ಎನಿಸುತ್ತದೆ, ತಾನಾಗೇ ನಿಧಾನವಾಗುತ್ತಾನೆ. ಬೋರ್ಡು ಹಾಕುವ ಅಗತ್ಯವೇ ಬರುವುದಿಲ್ಲ.

ಹದಿಮೂರು ಮೀಟರ್

ಫುಟ್‌ಪಾತ್ ಎಷ್ಟೇ ಚೆನ್ನಾಗಿರಲಿ, ಒಂದು ಕಡೆ ರಸ್ತೆ ದಾಟಲೇಬೇಕು. ಜೀವ ಹೋಗುವುದು ಹೆಚ್ಚಾಗಿ ಅಲ್ಲೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ಸುಮಾರು ತೊಂಬತ್ತು ಜನ.

ವೇಗದ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿ ಬಂತು ಅಂದುಕೊಳ್ಳಿ. ಚಾಲಕ ಅದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರಿಗಿಂತ ತುಸು ಹೆಚ್ಚು ಮುಂದೆ ಬಂದಿರುತ್ತದೆ. ಒಣಗಿದ ಟಾರು, ಒಳ್ಳೆಯ ಬ್ರೇಕು ಇದ್ದರೆ ಇನ್ನೊಂದು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಅದೇ ಕಾರು 50ರಲ್ಲಿ ಬರುತ್ತಿದ್ದರೆ? ಒಂದು ಸೆಕೆಂಡಿಗೆ ಸುಮಾರು 14 ಮೀಟರ್. ಅಂದರೆ ಮೊದಲ ಕಾರು ಪೂರ್ತಿ ನಿಂತ ಜಾಗಕ್ಕೆ ಬಂದಾಗ ಎರಡನೆಯ ಕಾರಿನವನ ಕಾಲು ಇನ್ನೂ ಬ್ರೇಕಿಗೇ ತಾಗಿಲ್ಲ. ಮಗು 13 ಮೀಟರ್ ದೂರದಲ್ಲಿ ಇದ್ದರೆ ಒಬ್ಬನು ಮುಟ್ಟುವುದೇ ಇಲ್ಲ, ಇನ್ನೊಬ್ಬನು ಪೂರ್ತಿ 50ರ ವೇಗದಲ್ಲೇ ಹೊಡೆಯುತ್ತಾನೆ. ಹೊಡೆತದ ಬಲವೂ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ 30ಕ್ಕಿಂತ 50ರಲ್ಲಿ ಅದು ಹೆಚ್ಚುಕಡಿಮೆ ಮೂರು ಪಟ್ಟು. ಜನ ಓಡಾಡುವ ಬೀದಿಗಳಲ್ಲಿ 30 ಎಂಬ ಸಂಖ್ಯೆಯನ್ನು ಲೋಕದ ಎಷ್ಟೋ ಕಡೆ ಹಿಡಿದುಕೊಂಡಿರುವುದು ಇದೇ ಕಾರಣಕ್ಕೆ. ಸ್ಪೇನ್ ದೇಶ 2021ರಲ್ಲಿ, ಹೋಗಲು ಒಂದು ಬರಲು ಒಂದು ಸಾಲು ಇರುವ ಊರೊಳಗಿನ ಬೀದಿಗಳಿಗೆಲ್ಲ 30ರ ಮಿತಿ ಹಾಕಿತು.

ಮಿತಿಯ ಬೋರ್ಡನ್ನು ನಮ್ಮಲ್ಲಿ ಯಾರು ಓದುತ್ತಾರೆ ಎಂದು ನೀವು ನಗಬಹುದು. ಸರಿಯೇ. ಬೋರ್ಡಿಗಿಂತ ರಸ್ತೆಯ ಆಕಾರವೇ ಜೋರಾಗಿ ಮಾತಾಡುತ್ತದೆ. ಅಗಲವಾದ, ನೇರವಾದ, ನುಣುಪಾದ ರಸ್ತೆ "ಹೋಗು ಹೋಗು" ಅನ್ನುತ್ತದೆ. ಮೂಲೆಯನ್ನು ಗಮನಿಸಿ: ನಾಲ್ಕು ರಸ್ತೆ ಕೂಡುವಲ್ಲಿ ಅಂಚುಗಲ್ಲನ್ನು ದೊಡ್ಡ ಕಮಾನಿನಂತೆ ಬಳಸಿದ್ದರೆ ಬಸ್ಸು, ಕಾರು ವೇಗ ತಗ್ಗಿಸದೆ ತಿರುಗುತ್ತವೆ, ದಾಟುವ ದೂರವೂ ಹಿಗ್ಗುತ್ತದೆ. ಅದೇ ಮೂಲೆಯನ್ನು ಮೂರು-ನಾಲ್ಕು ಮೀಟರ್ ತ್ರಿಜ್ಯಕ್ಕೆ ಇಳಿಸಿದರೆ ಚಾಲಕ ಹೆಚ್ಚುಕಡಿಮೆ ನಿಂತೇ ತಿರುಗಬೇಕು. ನಮ್ಮಲ್ಲಿ ಹಂಪ್ಸ್ ಬಗ್ಗೆ ಕೋಪ ಜಾಸ್ತಿ, ಯಾಕೆಂದರೆ ನಾವು ಕಂಡಿರುವುದು ರಾತ್ರೋರಾತ್ರಿ ಎಬ್ಬಿಸಿದ, ಸೊಂಟ ಮುರಿಯುವ ದಿಬ್ಬಗಳನ್ನು. ಐಆರ್‌ಸಿ ಹೇಳುವ ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25ರಲ್ಲಿ ಹೋದರೆ ಕೂತವರಿಗೆ ಅಷ್ಟಾಗಿ ತಿಳಿಯುವುದೂ ಇಲ್ಲ. ಅದರ ನೆತ್ತಿಯನ್ನು ಚಪ್ಪಟೆ ಮಾಡಿ, ಫುಟ್‌ಪಾತಿನ ಮಟ್ಟಕ್ಕೆ ತಂದು, ಮೇಲೆ ಜೀಬ್ರಾ ಪಟ್ಟೆ ಬಳಿದರೆ ಅದೇ ಎತ್ತರಿಸಿದ ಕ್ರಾಸಿಂಗ್. ಆಗ ದಾಟುವವನು ಇಳಿಯಬೇಕಿಲ್ಲ, ವಾಹನ ಹತ್ತಬೇಕು. ಮತ್ತೆ ಅದೇ ಗೇಟಿನ ಲೆಕ್ಕ.

ಸಿಗ್ನಲ್ ಇರುವ ಕಡೆ ಇನ್ನೊಂದು ಸಣ್ಣ ಗಣಿತ. ದಾಟುವವರ ವೇಗ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವುದು ವಾಡಿಕೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡ್. ಅಮ್ಮನ ನಡಿಗೆಯನ್ನು ನಾನು ಮೊಬೈಲಿನಲ್ಲಿ ಅಳೆದಿದ್ದೇನೆ, ಸೆಕೆಂಡಿಗೆ 0.8 ಮೀಟರ್. ಅವರಿಗೆ 30 ಸೆಕೆಂಡ್ ಬೇಕು. ಹತ್ತು ಸೆಕೆಂಡ್ ಮೊದಲೇ ಹಸಿರು ಮುಗಿದು ಅವರು ರಸ್ತೆಯ ನಡುವೆ ಇರುತ್ತಾರೆ. ಅದಕ್ಕೇ ನಡುವಿನ ವಿಭಜಕದಲ್ಲಿ ಒಂದೂವರೆ-ಎರಡು ಮೀಟರ್ ಅಗಲದ ನಿಲ್ಲುವ ಜಾಗ ಬೇಕು, ಅರ್ಧ ದಾಟಿ ಉಸಿರು ಬಿಟ್ಟು ಮತ್ತರ್ಧ ದಾಟಲು. ನಮ್ಮ ವಿಭಜಕಗಳಲ್ಲಿ ಗಿಡ ನೆಡುತ್ತಾರೆ, ಮೇಲೆ ಕಬ್ಬಿಣದ ಬೇಲಿ ಹಾಕುತ್ತಾರೆ, ಕಾಲಿಡಲು ಮಾತ್ರ ಜಾಗ ಬಿಡುವುದಿಲ್ಲ.

ಸ್ಕೈವಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗೆ ಲಾರಿ ಹೋಗಲು ಐದೂವರೆ ಮೀಟರ್ ಬಿಡಬೇಕು, ಸೇತುವೆಯ ದಪ್ಪ ಸೇರಿದರೆ ಆರಕ್ಕೂ ಹೆಚ್ಚು. ಅರ್ಧ ಅಡಿಯ ಮೆಟ್ಟಿಲು ಎಂದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. ಎದುರಿನ ಔಷಧಿ ಅಂಗಡಿಗೆ ಹೋಗಲು ಯಾರು ಹತ್ತುತ್ತಾರೆ? ಎಂಟು ಸಾಲಿನ ಹೆದ್ದಾರಿಗೆ ಅದು ಬೇಕಾಗಬಹುದು. ಊರೊಳಗೆ ಅದು ಇದೆಯೆಂದರೆ ವಾಹನ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ ಎಂದರ್ಥ. ಅದರ ಮೈತುಂಬ ಜಾಹೀರಾತು ಏಕಿರುತ್ತದೆ ಎಂದೂ ಯೋಚಿಸಿ.

ಸೈಕಲ್ಲಿಗೆ ಬಣ್ಣ ಸಾಲದು

2011ರ ಜನಗಣತಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತ್ತು. ಬೇಸಾಯ, ಮನೆಗೈಗಾರಿಕೆ ಬಿಟ್ಟು ಉಳಿದ ಕೆಲಸಗಾರರಲ್ಲಿ ನಡೆದು ಹೋಗುವವರು ಐದರಲ್ಲಿ ಒಬ್ಬರಿಗಿಂತ ಹೆಚ್ಚು, ಸೈಕಲ್ಲಿನವರು ನೂರಕ್ಕೆ ಸುಮಾರು 13. ಕಾರಿನವರು ನೂರಕ್ಕೆ 3ನ್ನೂ ಮುಟ್ಟಲಿಲ್ಲ. ಆಮೇಲೆ ಸ್ಕೂಟರು, ಬೈಕು ಏರಿವೆ, ಅದು ಕಣ್ಣಿಗೇ ಕಾಣುತ್ತದೆ. ಆದರೂ ಊರಿನ ಅಳತೆ ಬದಲಾಗಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಈ ತುದಿಯಿಂದ ಆ ತುದಿಗೆ ಮೂರು-ನಾಲ್ಕು ಕಿಲೋಮೀಟರ್, ಸೈಕಲ್ಲಿನಲ್ಲಿ ಕಾಲು ಗಂಟೆ.

ಹಾಗಿದ್ದೂ ಸೈಕಲ್ ಬಿಟ್ಟದ್ದೇಕೆ? ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಬೆಳಗ್ಗೆ ಒಂಬತ್ತಕ್ಕೆ ಹಳ್ಳಿ ರಸ್ತೆಗಳಲ್ಲಿ ಹುಡುಗಿಯರ ಸಾಲು ಹೋಗುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ನಮ್ಮ ಪಕ್ಕದ ಮನೆಯ ಹುಡುಗಿಯೂ ಆ ಸಾಲಿನಲ್ಲಿದ್ದಳು. ಊರ ಮುಂದಿನ ರಸ್ತೆ ನಾಲ್ಕು ಸಾಲಿನದಾದ ವರ್ಷ ಅವಳಪ್ಪ ಸೈಕಲ್ ಒಳಗಿಟ್ಟು ಆಟೋ ಗೊತ್ತುಮಾಡಿದರು. ಅವರನ್ನು ತಪ್ಪೆನ್ನಲಾರೆ. ಗಂಟೆಗೆ 80ರಲ್ಲಿ ಲಾರಿ ಹೋಗುವ ಕಡೆ 12ರಲ್ಲಿ ಹೋಗುವ ಮಗುವನ್ನು ಯಾರು ಬಿಡುತ್ತಾರೆ?

ಸೈಕಲ್ ಯೋಜನೆಯ ಒಳಗುಟ್ಟು ಇದೇ ವೇಗದ ಅಂತರ. ವಾಹನ 30ರ ಒಳಗೆ ಓಡುವ ಬೀದಿಯಲ್ಲಿ ಸೈಕಲ್ಲಿಗೆ ಬೇರೆ ಪಥವೇ ಬೇಡ, ಎಲ್ಲರೂ ಕೂಡಿ ಹೋಗಬಹುದು. 50ರ ರಸ್ತೆಯಲ್ಲಿ ಬೇರೆ ಪಥ ಬೇಕು, ನಡುವೆ ಗಟ್ಟಿಯಾದ ಏನಾದರೂ ಇರಬೇಕು: ಅಂಚುಗಲ್ಲೋ, ಮರದ ಪಾತಿಯೋ. ಬರೀ ಬಣ್ಣ ಬಳಿದರೆ ಏನಾಗುತ್ತದೆ ಎಂದು ಬೆಂಗಳೂರಿನ ಜಯನಗರದವರನ್ನು ಕೇಳಬಹುದು. 2010ರ ದಶಕದ ಆರಂಭದಲ್ಲಿ ಅಲ್ಲಿ ಗೆರೆ ಎಳೆದ ಸೈಕಲ್ ಪಥಗಳು ಕಾರು ನಿಲ್ಲಿಸುವ ಅಚ್ಚುಕಟ್ಟಾದ ಜಾಗಗಳಾದವು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ತಾತ್ಕಾಲಿಕ ಪಥ ಮಾಡಿದರು. ಗೂಟಗಳು ಮುರಿದವು, ಬೈಕುಗಳು ನುಗ್ಗಿದವು. ಆದರೂ ಅದು ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಕಾಂಕ್ರೀಟು ಸುರಿಯುವ ಮೊದಲು ಕಡಿಮೆ ಖರ್ಚಿನಲ್ಲಿ ಮಾಡಿ ನೋಡುವುದೇ ಸರಿಯಾದ ಕ್ರಮ. ನೋಡಿದ್ದನ್ನು ಬರೆದಿಟ್ಟುಕೊಂಡು ಎರಡನೇ ಸಲ ಇನ್ನೂ ಗಟ್ಟಿಯಾಗಿ ಮಾಡಬೇಕು, ನಾವು ಎಡವುವುದು ಆ ಎರಡನೇ ಸಲದಲ್ಲಿ.

ಮೈಸೂರಿನ ಕಥೆ ಬೇರೆ. 2017ರ ಜೂನ್‌ನಲ್ಲಿ ಅಲ್ಲಿ ಟ್ರಿಣ್ ಟ್ರಿಣ್ ಶುರುವಾಯಿತು: 450 ಸೈಕಲ್, 48 ನಿಲ್ದಾಣ, ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟು ಹೋಗಬಹುದು. ಹೆಸರಿಟ್ಟವರಿಗೆ ನಮಸ್ಕಾರ, ಸೈಕಲ್ ಬೆಲ್ಲನ್ನು ಹೀಗೆ ಅಕ್ಷರಕ್ಕಿಳಿಸಿದ ಸರ್ಕಾರಿ ಯೋಜನೆ ಇನ್ನೊಂದಿರಲಿಕ್ಕಿಲ್ಲ. ಸೈಕಲ್ ಕೈಗೆ ಸಿಕ್ಕಿತು, ಅದನ್ನು ಹೆದರದೆ ಓಡಿಸುವ ದಾರಿಯ ಕೆಲಸ ಅದೇ ವೇಗದಲ್ಲಿ ನಡೆಯಲಿಲ್ಲ. ವಿಚಿತ್ರವೆಂದರೆ ಮೈಸೂರು ನಗರದ ಹಳೇ ಬಡಾವಣೆಗಳಲ್ಲಿ ಅಂಥ ದಾರಿ ಆಗಲೇ ಇದೆ. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಊರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ರಚನೆಯಾಯಿತು. ಆ ಕಾಲದ ಯೋಜನೆಯಲ್ಲಿ ಮನೆಗಳ ಹಿತ್ತಿಲ ಬದಿಗೆ ಕಕ್ಕಸು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಒಳಚರಂಡಿ ಬಂದಮೇಲೆ ಅವುಗಳ ಕೆಲಸ ಮುಗಿಯಿತು. ಮುಖ್ಯರಸ್ತೆಗೆ ಸಮಾನಾಂತರವಾಗಿ, ವಾಹನದ ಗಲಾಟೆಯಿಂದ ದೂರ, ಬೀದಿಯಿಂದ ಬೀದಿಗೆ ಹೋಗುವ ಸಂದುಗಳು ಅವು. ಕಸ ತೆಗೆದು, ಕಲ್ಲು ಹಾಸಿ, ದೀಪ ಹಾಕಿದರೆ ಸೈಕಲ್ಲಿಗೂ ನಡಿಗೆಗೂ ಇದಕ್ಕಿಂತ ಒಳ್ಳೆಯ ಜಾಲ ಹೊಸದಾಗಿ ಕಟ್ಟಲು ಸಾಧ್ಯವಿಲ್ಲ. ದೀಪ ಮತ್ತು ಜನಸಂಚಾರ ಇಲ್ಲದಿದ್ದರೆ ಸಂಜೆ ಏಳರ ಮೇಲೆ ಯಾವ ಹೆಣ್ಣುಮಗಳೂ ಆ ಕಡೆ ಹೋಗುವುದಿಲ್ಲ, ಅದನ್ನೂ ಹೇಳಿಬಿಡಬೇಕು.

ಒಂದು ರಾತ್ರಿಯಲ್ಲಿ ಗ್ರೋನಿಂಗನ್

ಡಚ್ಚರು ಹುಟ್ಟಿನಿಂದಲೇ ಸೈಕಲ್ಲಿನವರು, ನಮಗೆ ಅದು ಒಗ್ಗದು ಎಂಬ ಮಾತು ಕೇಳುತ್ತಿರುತ್ತದೆ. 1960ರ ದಶಕದಲ್ಲಿ ಅವರೂ ಕಾಲುವೆ ಮುಚ್ಚಿ, ಚೌಕಗಳಲ್ಲಿ ಕಾರು ನಿಲ್ಲಿಸಿ, ರಸ್ತೆ ಅಗಲಿಸುತ್ತಿದ್ದರು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ನಾನೂರರ ಮೇಲೆ. ತಾಯಿ ತಂದೆಯರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗಿಳಿದರು. ಅದರ ಬೆನ್ನಿಗೇ 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ಓಡಿಸಬಾರದೆಂದು ಸರ್ಕಾರವೇ ಆಜ್ಞೆ ಮಾಡಿತು.

ಆ ಗಾಳಿಯಲ್ಲಿ ಉತ್ತರದ ಗ್ರೋನಿಂಗನ್ ಎಂಬ ವಿಶ್ವವಿದ್ಯಾಲಯದ ಊರು 1977ರಲ್ಲಿ ಒಂದು ಕೆಲಸ ಮಾಡಿತು. ಮ್ಯಾಕ್ಸ್ ವಾನ್ ಡೆನ್ ಬರ್ಗ್ ಎಂಬ ಯುವ ಜನಪ್ರತಿನಿಧಿ ಅದರ ಮುಂದಾಳು. ಊರ ನಡುಭಾಗವನ್ನು ನಾಲ್ಕು ಹೋಳು ಮಾಡಿದರು. ಕಾರಿನಲ್ಲಿ ಯಾವ ಹೋಳಿಗೆ ಬೇಕಾದರೂ ಹೋಗಬಹುದು, ಆದರೆ ಒಂದರಿಂದ ಪಕ್ಕದ್ದಕ್ಕೆ ನೇರ ನುಗ್ಗುವಂತಿಲ್ಲ. ಹೊರಗಿನ ಸುತ್ತುರಸ್ತೆಗೆ ಹೋಗಿ, ಬಳಸಿಕೊಂಡು, ಮತ್ತೆ ಒಳಗೆ ಬರಬೇಕು. ನಡೆಯುವವರು, ಸೈಕಲ್ಲಿನವರು ಮೊದಲಿನಂತೆ ನೇರ ಹೋಗಬಹುದು. ಒಂದೇ ರಾತ್ರಿಯಲ್ಲಿ ಏಕಮುಖ ಫಲಕಗಳನ್ನು ನೆಟ್ಟು ಬೆಳಗಾಗುವುದರೊಳಗೆ ಜಾರಿ ಮಾಡಿಬಿಟ್ಟರು. ವ್ಯಾಪಾರಸ್ಥರು ಕೆಂಡವಾದರು. ಇವತ್ತು ಆ ಊರಿನೊಳಗಿನ ಓಡಾಟದಲ್ಲಿ ಅರ್ಧಕ್ಕೂ ಹೆಚ್ಚು ಸೈಕಲ್ಲಿನಲ್ಲೇ ನಡೆಯುತ್ತದೆ. ಬೆಲ್ಜಿಯಂನ ಗೆಂಟ್ 2017ರಲ್ಲಿ ಆರು ಹೋಳು ಮಾಡಿ ಇದೇ ಉಪಾಯ ಹೂಡಿತು.

ಇದರ ಜಾಣತನ ಏನೆಂದರೆ ಊರಿಗೆ ಕಾರು ಬರುವುದನ್ನೇ ನಿಷೇಧಿಸಲಿಲ್ಲ. ಊರಿಗೆ ಬರುವ ಕಾರಿಗೂ ಊರನ್ನು ಹಾದುಹೋಗುವ ಕಾರಿಗೂ ವ್ಯತ್ಯಾಸ ಮಾಡಿತು, ಅಷ್ಟೇ. ಅಂಗಡಿಗೆ ಬೇಕಾದದ್ದು ಮೊದಲನೆಯದು. ಎರಡನೆಯದು ಹೊಗೆ ಬಿಟ್ಟು ಹೋಗುತ್ತದೆ, ಒಂದು ರೂಪಾಯಿ ಕೊಳ್ಳುವುದಿಲ್ಲ. ನಮ್ಮ ಎಷ್ಟೋ ಊರುಗಳಿಗೆ ಈಗ ಬೈಪಾಸ್ ಬಂದಿದೆ. ಲಾರಿಗಳು ಹೊರಗೆ ಹೋದವು, ಒಳಗಿನ ಹಳೇ ಹೆದ್ದಾರಿ ಹೆದ್ದಾರಿಯ ಅಗಲದಲ್ಲೇ ಉಳಿದು ಬೈಕ್ ರೇಸಿನ ಮೈದಾನವಾಗಿದೆ. ಗ್ರೋನಿಂಗನ್ನಿನ ಉಪಾಯಕ್ಕೆ ಇಂಥ ಊರುಗಳು ಹೇಳಿ ಮಾಡಿಸಿದಂತಿವೆ.

ಒಂದು ತೊಡಕು ಮಾತ್ರ ಡಚ್ಚರಿಗೆ ಇರಲಿಲ್ಲ, ನಮಗಿದೆ. ಎರಡು ಕಲ್ಲುಕಂಬ ನೆಟ್ಟರೆ ಕಾರು ನಿಲ್ಲುತ್ತದೆ, ಸ್ಕೂಟರ್ ನಿಲ್ಲುವುದಿಲ್ಲ. ಗಾಲಿಕುರ್ಚಿ ಹೋಗಲು ಮೂರಡಿ ಸಂದು ಬೇಕೇಬೇಕು, ಆ ಮೂರಡಿಯಲ್ಲಿ ಯಾವ ಬೈಕಾದರೂ ಹೋಗುತ್ತದೆ. ಕಂಬಗಳನ್ನು ಇನ್ನೂ ಹತ್ತಿರ ತಂದರೆ ಕುರ್ಚಿಯವರು ಹೊರಗುಳಿಯುತ್ತಾರೆ. ಹಾಗಾಗಿ ಕಲ್ಲಿನಿಂದಲೇ ಇದನ್ನು ಬಗೆಹರಿಸಲು ಆಗುವುದಿಲ್ಲ. ಬೈಕು ಫುಟ್‌ಪಾತ್ ಹತ್ತುವುದು ರಸ್ತೆ ಕಟ್ಟಿಕೊಂಡಾಗ, ಇಲ್ಲವೇ ಎದುರು ದಿಕ್ಕಿನಿಂದ ಬರಬೇಕಾದಾಗ. ಯೂಟರ್ನ್ ಒಂದು ಕಿಲೋಮೀಟರ್ ದೂರ ಇಟ್ಟರೆ ನೂರು ಮೀಟರಿಗಾಗಿ ಯಾರೂ ಅಷ್ಟು ಸುತ್ತುವುದಿಲ್ಲ. ಆ ಕಾರಣವನ್ನು ಹುಡುಕಿ ತೆಗೆದರೆ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ ಪೊಲೀಸರು ಬೇಕು, ಮತ್ತು ಫುಟ್‌ಪಾತ್ ಮೇಲೆ ತುಂಬ ಜನ ಬೇಕು. ಜನ ತುಂಬಿದ ಕಡೆ ಬೈಕು ನುಗ್ಗಲು ನಾಚುತ್ತದೆ.

ಜನ ತುಂಬಲು ನೆರಳು ಬೇಕು, ವ್ಯಾಪಾರ ಬೇಕು. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊಂಗೆ ಬೇವಿನ ನೆರಳಿಲ್ಲದ ಹತ್ತಡಿ ಫುಟ್‌ಪಾತ್ ಕೊಟ್ಟರೂ ಯಾರಿಗೆ ಪ್ರಯೋಜನ? ರಸ್ತೆ ಅಗಲಿಸಲು ಮೊದಲು ಬೀಳುವುದು ಅದೇ ಮರ. ತಳ್ಳುಗಾಡಿಯವರನ್ನು ಎಬ್ಬಿಸಿ "ಫುಟ್‌ಪಾತ್ ತೆರವು" ಎಂದು ಫೋಟೋ ತೆಗೆಸಿಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಸಂಜೆ ಕತ್ತಲಲ್ಲಿ ಹೆಂಗಸರಿಗೆ ಧೈರ್ಯ ಕೊಡುವುದು ಸಿಸಿ ಕ್ಯಾಮೆರಾಕ್ಕಿಂತ ಮೂಲೆಯಲ್ಲಿ ಕೂತ ಹೂವಿನವಳು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಅವರಿಗೆ ಜಾಗ ಗುರುತಿಸಿ ಎನ್ನುತ್ತದೆ, ಮೊದಲೇ ಹೇಳಿದ ಮೂರು ಪಟ್ಟಿಗಳಲ್ಲಿ ರಸ್ತೆಗೆ ತಾಗಿದ ಪಟ್ಟಿ ಇರುವುದೇ ಅದಕ್ಕೆ.

ವಾಹನ ಬಿಡದಿದ್ದರೆ ವ್ಯಾಪಾರ ಬೀಳುತ್ತದೆ ಎಂದು ಹೆದರುವವರಿಗೆ ನಾನು ವಿದೇಶದ ಉದಾಹರಣೆ ಕೊಡುವುದಿಲ್ಲ. ತೇರಿನ ದಿನ ತೇರುಬೀದಿಗೆ ಎಷ್ಟು ಕಾರು ಬಿಡುತ್ತೀರಿ, ಅಂದು ಗಲ್ಲಾಪೆಟ್ಟಿಗೆ ಹೇಗಿರುತ್ತದೆ ಎಂದಷ್ಟೇ ಕೇಳುತ್ತೇನೆ. ಮೈಸೂರಿನಲ್ಲಿ ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ರಾಜಮಾರ್ಗ ಪೂರ್ತಿ ನಡೆಯುವವರದೇ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ನೋಡಿದಾಗಲೂ ಬೀದಿ ಖಾಲಿ ಬೀಳಲಿಲ್ಲ.

ಕಾನೂನಿನ ಬಲವೂ ಈಗ ಇದೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಗಾಲಿಕುರ್ಚಿಯವರಿಗೂ ಅದು ಸಲ್ಲಬೇಕು ಎಂದಿದೆ. ವಾರ್ಡ್ ಸಭೆಗೆ ಹೋಗುವವರು ಈ ಮಾತಿನ ಜೊತೆ ಒಂದು ಟೇಪು, ಒಂದು ಚಾಕ್‌ಪೀಸು ಒಯ್ಯಬಹುದು. ನಾನು ನನ್ನ ಇಪ್ಪತ್ತಾರು ಜಾಗಗಳನ್ನು ನಕ್ಷೆ ಬರೆದು, ಪ್ರತಿಯೊಂದರ ಎದುರು ಇಂಚು ಬರೆದು ಕೊಟ್ಟು ಬಂದಿದ್ದೇನೆ. "ಫುಟ್‌ಪಾತ್ ಸರಿಯಿಲ್ಲ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. "ಮೂರನೇ ಅಡ್ಡರಸ್ತೆಯ ಬಾಯಲ್ಲಿ ಹದಿಮೂರು ಇಂಚು" ಎಂಬುದಕ್ಕೆ ಯಾರೋ ಒಬ್ಬ ಎಂಜಿನಿಯರ್ ಉತ್ತರ ಬರೆಯಬೇಕಾಗುತ್ತದೆ. ಇನ್ನೂ ಬರೆದಿಲ್ಲ.

ಅಷ್ಟರಲ್ಲಿ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನ ಮುಂದೆ, ಯಾವ ಪುಣ್ಯಾತ್ಮರ ಕೆಲಸವೋ, ಚಪ್ಪಟೆ ನೆತ್ತಿಯ ಒಂದು ಕ್ರಾಸಿಂಗ್ ಬಂದಿದೆ. ಹೋದ ತಿಂಗಳು ತರಕಾರಿಗೆ ಹೊರಟಾಗ ಅಮ್ಮ ಮಾರುಕಟ್ಟೆಯ ಎದುರು ದಾಟದೆ ಸ್ಕೂಲಿನವರೆಗೆ ನಡೆದು, ಅಲ್ಲಿ ದಾಟಿ, ಮತ್ತೆ ಹಿಂದೆ ಬಂದರು. ಇನ್ನೂರು ಮೀಟರ್ ಸುತ್ತು.

"ಇಷ್ಟು ದೂರ ಯಾಕಮ್ಮಾ?"

"ಅಲ್ಲಿ ಬೈಕಿನೋರು ನಿಲ್ಲಿಸ್ತಾರೆ ಕಣೋ."